ಆಚೆ ಬಂದರೆ ಎರಡು ಬೆರಳು ಕುಸಿಯುತ್ತಿದ್ದ ಪೆಟ್ಟಿಗೆ

ಶಿಡ್ಲಘಟ್ಟದಲ್ಲಿ ನಾನು ವೆಲ್ಡಿಂಗ್ ಮಾಡುವ ಶೆಡ್ಡು ಮೊದಲು ಅಪ್ಪನ ರೇಷ್ಮೆ ಬಿಚ್ಚುವ ಶೆಡ್ಡಾಗಿತ್ತು. ಅವರು ತೀರಿಕೊಂಡ ಮೇಲೆ ಒಲೆಗಳನ್ನು ಒಡೆಸಿದೆ, ನೆಲದ ನಡುವೆ ಅಡ್ಡಕ್ಕೆ ಹಾಯ್ದಿದ್ದ ಮೋರಿಗೆ ಸಿಮೆಂಟು ತುಂಬಿದೆ. ಆದರೂ ಮೋಡ ಕವಿದ ದಿನ ಬೇಯಿಸಿದ ಗೂಡಿನ ವಾಸನೆ ಎಲ್ಲಿಂದಲೋ ಏಳುತ್ತದೆ.

ಕೊನೆಗಾಲದಲ್ಲಿ ಕೆಲಸ ನಿಂತಿದ್ದರೂ ಅಪ್ಪ ದಿನಾ ಬೆಳಿಗ್ಗೆ ಬಂದು, ಗೋಡೆಯ ಬುಡಕ್ಕೆ ಒಂದು ಚೊಂಬು ನೀರು ಸುರಿದು, ಮೋರಿಯ ಪಕ್ಕ ಮೂರು ಕಾಲಿನ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. "ಪಾನಿ ದೇಖ್," ಎನ್ನುತ್ತಿದ್ದರು, ನೀರು ನೋಡು ಅಂತ. ನೋಡುವಷ್ಟು ಪುರುಸೊತ್ತು ನನಗೆಲ್ಲಿತ್ತು? ಒಂದು ದಿನ ರೇಗಿ ಚೊಂಬು ಕಿತ್ತುಕೊಂಡೆ. ಆಮೇಲೆ ಅವರು ಸುರಿಯಲಿಲ್ಲ, ಸುಮ್ಮನೆ ಕೂರುತ್ತಿದ್ದರು.

ಕಳೆದ ವರ್ಷ ಸಾದಲಿಯಿಂದ ಗಂಡ ಹೆಂಡತಿ ಪಿಕಪ್ ತಂದು ನಿಲ್ಲಿಸಿದರು. ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ ಸಾಕಿದ ಎಳೆ ರೇಷ್ಮೆ ಹುಳುವನ್ನು ಊರೂರಿಗೆ ಹಂಚುವವರು. ತಟ್ಟೆ ಜೋಡಿಸಲು ಉದ್ದನೆಯ ಪೆಟ್ಟಿಗೆಯ ಟ್ರೇಲರ್ ಮಾಡಿಸಿದ್ದರು. ಅದರ ಮೂತಿ ಪಿಕಪ್ಪಿನ ತೊಟ್ಟಿಯ ಮೇಲೆ ಚಾಚಿ, ಹಿಂದಿನ ಅಚ್ಚಿನ ನೇರಕ್ಕೆ ನಾನು ಹಾಕುವ ಕೊಂಡಿಯಲ್ಲಿ ಕೂರಬೇಕು. ಕೊಂಡಿ ಎತ್ತರವಾದರೆ ಪೆಟ್ಟಿಗೆ ಹಿಂದಕ್ಕೆ ವಾಲಿ ತಟ್ಟೆ ಜಾರುತ್ತವೆ. ತಗ್ಗಾದರೆ ಉಬ್ಬು ದಾಟುವಾಗ ಪೆಟ್ಟಿಗೆಯ ತಳ ತೊಟ್ಟಿಯ ಅಂಚಿಗೆ ಬಡಿದು ಕೊಂಡಿಯೇ ಕಳಚಬಹುದು. ತಳಕ್ಕೂ ಅಂಚಿಗೂ ನಡುವೆ ಮುಕ್ಕಾಲು ಗೇಣು ಸಂದಿ ಇರಲೇಬೇಕು.

ಹುಳುವಿನ ತಟ್ಟೆಗಳಿಗೆ ಹೊದಿಸಿದ ಒದ್ದೆ ಬಟ್ಟೆ ಆರದಂತೆ ನೋಡಿಕೊಳ್ಳಲು ಹೆಂಡತಿ ಪೆಟ್ಟಿಗೆಯೊಳಗೇ ಕೂತು ಬರುತ್ತಾರಂತೆ. ಬೇಡ ತಾಯಿ ಎಂದೆ. ಹುಳು ಒಣಗಿದರೆ ನೀವು ಜೀವ ಕೊಡ್ತೀರಾ ಎಂದು ಆಕೆ ನನ್ನ ಬಾಯಿ ಮುಚ್ಚಿಸಿದರು.

ಶೆಡ್ಡಿನೊಳಗೆ ಜೋಡಿಸಿ ಅಳೆದಾಗ ಸಂದಿ ಎರಡು ಬೆರಳು ಹೆಚ್ಚಿತ್ತು. ಕೊಂಡಿ ಇಳಿಸಿ ಸರಿಮಾಡಿದೆ. ರಸ್ತೆಗೆ ತಂದು ನೋಡಿದರೆ ಎರಡು ಬೆರಳು ಕಡಿಮೆ. ಒಳಗೆ ಒಯ್ದರೆ ಮತ್ತೆ ಕರಾರುವಾಕ್ಕು. ಮೂರು ಸಲ ಹೀಗೇ ಆಯಿತು. ಪೆಟ್ಟಿಗೆಯ ಬಾಗಿಲು ತೆಗೆದು ನೋಡಿದೆ, ಖಾಲಿ. ಹಾಡಹಗಲು, ಸುತ್ತ ಬಸ್ಸಿನ ಸದ್ದು, ಆದರೂ ಬಾಗಿಲನ್ನು ಬೇಗನೆ ಮುಚ್ಚಿದೆ.

ನನ್ನ ಜೊತೆಗಾರ ವೆಲ್ಡರ್ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಆಚೆ ಬಂದ ತಕ್ಷಣ ಯಾರೋ ಹತ್ತಿ ಕೂತ್ಕೊತಾರೆ ಕಣಣ್ಣ."

ಅವನಿಗೆ ಬೈದೆ. ನೆಟ್ಟಗಿರುವ ರಸ್ತೆ ಯಾವ ಊರಲ್ಲಿದೆ, ನನ್ನ ನೆಲದಲ್ಲಿ ಸರಿಯಿದೆ, ಅಷ್ಟು ಸಾಕು ಎಂದು ಬೋಲ್ಟು ಬಿಗಿದೆ. ಕೋಪಕ್ಕಿಂತ ಹೆದರಿಕೆಯೇ ಹೆಚ್ಚಿತ್ತು.

ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಶೆಡ್ಡಿನೊಳಗೇ ಗಾಡಿಗೆ ಪೂಜೆ ಮಾಡಿ ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು. ಪಿಕಪ್ಪಿನ ಮುಂಚಕ್ರದ ಹಣ್ಣು ನಿಲ್ಲದೆ ಹಿಂದಕ್ಕೆ ಉರುಳಿ ಕೊಂಡಿಯ ಕೆಳಗೆ ನಿಂತಿತು. ಎತ್ತಿಟ್ಟರೆ ಮತ್ತೆ ಅಲ್ಲಿಗೇ. ಟ್ರೇಲರಿನ ಚಕ್ರದ ಹಣ್ಣು ಎದುರು ದಿಕ್ಕಿನಿಂದ ಉರುಳಿ ಬಂದು ಅದಕ್ಕೆ ತಾಗಿ ನಿಂತಿತು.

ಗಂಡ ಕೈ ಮುಗಿದರು. "ನಿಮ್ಮಪ್ಪ ಕೂತಿರ್ತಿದ್ದ ಜಾಗ ಅಲ್ವೇನಯ್ಯ ಅದು? ಗೂಡು ತಂದಾಗೆಲ್ಲ ನೋಡ್ತಿದ್ದೆ."

ಆಕೆ ಆಗಲೇ ಪೆಟ್ಟಿಗೆಯೊಳಗೆ ಹತ್ತಿದ್ದರು. ಇಳಿಯಮ್ಮಾ ಎಂದು ಅರಚಿದ್ದು ನೆನಪಿದೆ. ಚೊಂಬು ತಂದು ಎರಡೂ ಗೋಡೆಗಳ ಬುಡಕ್ಕೆ ನೀರು ಸುರಿದೆ. ಎರಡು ಕಡೆಯಿಂದಲೂ ಹರಿದು ಆ ಹಣ್ಣುಗಳ ಬಳಿ ಸೇರಿತು. ಗೂಡು ಬೇಯಿಸಿದ ನೀರು ಮೋರಿಗೆ ಹೋಗಲೆಂದು ಅಪ್ಪ ಎರಡೂ ಬದಿಯಿಂದ ಇಳಿಜಾರು ಬಿಡಿಸಿದ್ದ ನೆಲ. ಮೋರಿ ಮುಚ್ಚಿದ ನಾನು ಇಳಿಜಾರು ಮರೆತಿದ್ದೆ. ಪಿಕಪ್ಪು ಒಂದು ಇಳಿಜಾರಿನಲ್ಲಿ, ಟ್ರೇಲರು ಇನ್ನೊಂದರಲ್ಲಿ ನಿಂತು ಗಾಡಿ ನಡುತಗ್ಗಿನಲ್ಲಿ ಮಡಚಿಕೊಂಡಾಗ ಸಂದಿ ದೊಡ್ಡದಾಗಿ ಕಾಣುತ್ತಿತ್ತು, ಅದನ್ನು ನಂಬಿ ನಾನು ಕೊಂಡಿ ಇಳಿಸಿದ್ದೆ.

ಅಕ್ಕಿ ಗಿರಣಿಯ ಸಮತಟ್ಟಾದ ಅಂಗಳಕ್ಕೆ ಒಯ್ದು ಕೊಂಡಿಯನ್ನು ಎರಡು ಬೆರಳು ಏರಿಸಿದೆ. ಆಕೆ ಒಳಗೆ ಕೂತರು. ಸಾದಲಿ ದಾರಿಯಲ್ಲಿ ಬೈಕಿನಲ್ಲಿ ಪಕ್ಕಕ್ಕೇ ಹೋದೆ. ಕೆರೆ ಏರಿಯ ಉಬ್ಬಿನ ಮೇಲೆ ಸಂದಿ ಕಿರಿದಾಗುತ್ತಾ ಬಂದು ಒಂದೇ ಬೆರಳು ಉಳಿಯಿತು. ಒಂದು ಪಕ್ಕ ನೀರು. ಬಡಿಯಲಿಲ್ಲ, ದಾಟಿತು. ಹಿಂದಿನ ಅಳತೆಯಲ್ಲಿ ಕಳಿಸಿದ್ದರೆ ಆಕೆಯನ್ನು ನಾನೇ ಕೈಯಾರೆ ಕೊಲ್ಲುತ್ತಿದ್ದೆ.

ಮಧ್ಯಾಹ್ನ ಒಬ್ಬನೇ ಶೆಡ್ಡಿಗೆ ಬಂದು ಇನ್ನೊಂದು ಚೊಂಬು ಸುರಿದು, ಈ ಸಲ ಕೂತು ನೋಡಿದೆ. ನೀರು ಮೋರಿಯ ಸಿಮೆಂಟಿನ ಮೇಲೆ ಹರಡುವ ಮೊದಲು, ಆ ಸಿಮೆಂಟಿನಲ್ಲೇ ಒತ್ತಿದಂತಿದ್ದ ಮೂರು ಸಣ್ಣ ಗುಂಡು ಗುಳಿಗಳಲ್ಲಿ ತುಂಬಿಕೊಂಡಿತು. ಸ್ಟೂಲಿನ ಕಾಲುಗಳಷ್ಟೇ ಅಂತರದಲ್ಲಿದ್ದವು. ಆ ಸ್ಟೂಲನ್ನು ಅಪ್ಪ ತೀರಿಕೊಂಡ ವಾರವೇ ಗುಜರಿಗೆ ಹಾಕಿದ್ದೆ. ಸಿಮೆಂಟು ತುಂಬಿದ್ದು ಅದಾದ ಎರಡು ತಿಂಗಳ ಮೇಲೆ.

ತಪ್ಪಾಯಿತು ಎಂದು ಯಾರೂ ಇಲ್ಲದ ಶೆಡ್ಡಿನಲ್ಲಿ ಗಟ್ಟಿಯಾಗಿಯೇ ಹೇಳಿದೆ. ಚೊಂಬನ್ನು ಆ ಗುಳಿಗಳ ಪಕ್ಕ ಇಟ್ಟು ಬಂದೆ.