ಹೆದರಿಸಲು ಬಾರದ ಚಪ್ಪಲಿ

ಸ್ಟುಡಿಯೊದಲ್ಲಿ ಎಲ್ಲರೂ ಅವಳನ್ನು ಸಪ್ಪಳದಕ್ಕ ಎನ್ನುತ್ತಿದ್ದರು. ಪರದೆಯ ಮೇಲೆ ಯಾರೇ ನಡೆಯಲಿ, ಮೈಕಿನ ಮುಂದೆ ಹೆಜ್ಜೆ ಹಾಕಿ ಸಪ್ಪಳ ಕೊಡುವವಳು ಅವಳು. ಮನಸ್ಸನ್ನೇ ಕಾಡುವ ಭಯದ ಚಿತ್ರಗಳಲ್ಲಂತೂ ಅವಳದು ಎತ್ತಿದ ಕೈ. ಅವುಗಳ ಜಾಡೆಲ್ಲ ಅವಳಿಗೆ ಬಾಯಿಪಾಠ. ಹೊಸ ಮನೆ, ಕನ್ನಡಿ, ಒಂಟಿ ಹೆಂಗಸು, ಅವಳೊಬ್ಬಳಿಗೇ ಕೇಳುವ ಹೆಜ್ಜೆ. ಗಂಡ ನಂಬುವುದಿಲ್ಲ, ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಡುತ್ತಾರೆ, ಕೊನೆಗೆ ಅವಳಿಗೇ ತನ್ನ ಮೇಲೆ ನಂಬಿಕೆ ಉಳಿಯುವುದಿಲ್ಲ.

"ಆ ಮನೇಲಿ ಒಬ್ರಾದ್ರೂ ಕಿವಿಗೊಟ್ಟಿದ್ರೆ ಸಿನಿಮಾ ಇಂಟರ್ವಲ್‌ಗೇ ಮುಗಿದುಹೋಗ್ತಿತ್ತು" ಎಂದು ನಗುತ್ತಿದ್ದಳು.

ಒಂದು ಮಧ್ಯಾಹ್ನ ಮನೆಯಲ್ಲಿ ಪಾತ್ರೆ ಒರೆಸುವಾಗ ಬೆನ್ನ ಹಿಂದೆ ಯಾರೋ ನಡೆದಂತಾಯಿತು. ಧಬ್, ಧಬ್. ತಿರುಗಿದರೆ ಯಾರೂ ಇಲ್ಲ. ಅಂದಿನಿಂದ ಮನೆಯ ಸದ್ದಡಗಿದಾಗಲೆಲ್ಲ ಅದೇ ಹೆಜ್ಜೆ. ಅವಳು ಹೆದರಿದಷ್ಟೂ ಅದರ ನಡಿಗೆ ಚುರುಕಾಗುತ್ತಿತ್ತು.

ಗಂಡ ಅದೇ ಸ್ಟುಡಿಯೊದಲ್ಲಿ ಧ್ವನಿಮುದ್ರಣದ ಕೆಲಸದವನು. ಇಬ್ಬರೂ ತಮಗೆ ಗೊತ್ತಿದ್ದನ್ನೇ ಮಾಡಿದರು. ಕೋಣೆ ಕೋಣೆಗೂ, ಅಟ್ಟಕ್ಕೂ, ಮಂಚದಡಿಗೂ ಮೈಕು ಇಟ್ಟರು. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದೂ ದಾಖಲಾಯಿತು, ಹೆಜ್ಜೆ ಮಾತ್ರ ಇಲ್ಲ.

"ಮೈಕ್ ಸುಳ್ಳು ಹೇಳಲ್ಲ ಕಣೇ. ಈ ಕೆಲಸ ಬಿಟ್ಟು ಸ್ವಲ್ಪ ದಿನ ಮನೇಲಿರು" ಎಂದ ಗಂಡ.

ಪ್ರೀತಿಯಿಂದಲೇ ಅಂದದ್ದು. ಸಿನಿಮಾದ ಗಂಡಂದಿರೂ ಇಷ್ಟೇ ಪ್ರೀತಿಯಿಂದ ಹೀಗೇ ಅನ್ನುತ್ತಾರೆ. ಬುದ್ಧಿಯೂ ಹೋಯಿತು, ಕೆಲಸವೂ ಹೋಯಿತು ಎಂದುಕೊಂಡಳು ಅವಳು.

ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು.

"ಈಗ ಕೇಳಿಸ್ತಿದೆಯಾ?"

"ಹೂಂ ಅತ್ತೆ. ಎಡಗಡೆ. ಯಾವ ಕೋಣೇಲಿ ನಿಂತ್ರೂ ಎಡಗಡೇನೇ."

"ಹಾಗಾದ್ರೆ ಅದು ಮನೇಲಿಲ್ಲ. ಬಾ ಇಲ್ಲಿ."

ತಮ್ಮ ಕಿವಿಯನ್ನು ಸೊಸೆಯ ಎಡಗಿವಿಗೆ ಒತ್ತಿಟ್ಟು, ಉಸಿರು ಬಿಗಿಹಿಡಿದು ಕೂತರು. ಆಮೇಲೆ ಮಗನ ಕಡೆ ತಿರುಗಿದರು.

"ಸಣ್ಣಗಿದೆ, ಆದ್ರೆ ಇದೆ ಕಣೋ. ಮನೆಯೆಲ್ಲಾ ಮೈಕ್ ಇಟ್ಟೆ, ಇವಳ ಕಿವಿಗೊಂದು ಇಡೋಕಾಗ್ಲಿಲ್ವಾ?"

ಇಟ್ಟರು. ಧಬ್, ಧಬ್. ಗಂಡನ ಮುಖ ಸಣ್ಣಗಾಯಿತು. ಅವಳು ಅತ್ತೆಯ ಮಡಿಲಿಗೆ ತಲೆಯಿಟ್ಟು, ಬಟಾಣಿಯೆಲ್ಲ ಚೆಲ್ಲಿಹೋಗುವಂತೆ ಅತ್ತಳು.

ಆಸ್ಪತ್ರೆಯಲ್ಲಿ ತೋರಿಸಿದಾಗ ತಿಳಿಯಿತು, ಕಿವಿಯ ಹಿಂದೆ ರಕ್ತನಾಳವೊಂದು ಕೆಟ್ಟಿತ್ತು. ಹೆಜ್ಜೆಯೆಂದು ಕೇಳುತ್ತಿದ್ದದ್ದು ಅವಳದೇ ನಾಡಿ. ಹಾಗೇ ಬಿಟ್ಟಿದ್ದರೆ ಜೀವಕ್ಕೇ ಸಂಚಕಾರವಿತ್ತು ಎಂದರು ಡಾಕ್ಟರು. ಆಪರೇಷನ್ ಮುಗಿದು ಕಣ್ಣು ಬಿಟ್ಟಾಗ ತಲೆಯೊಳಗೆ ಸದ್ದಿರಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಅತ್ತೆಯ ಸವೆದ ಚಪ್ಪಲಿ ಪಟಪಟ ಎನ್ನುತ್ತ ಹತ್ತಿರ ಬರುತ್ತಿತ್ತು. ಅಷ್ಟು ಹಿತವಾದ ಸದ್ದನ್ನು ಅವಳು ಬದುಕಿನಲ್ಲೇ ಕೇಳಿರಲಿಲ್ಲ.

ಮರಳಿ ಕೆಲಸಕ್ಕೆ ಹೋದಾಗ ಸಿಕ್ಕಿದ್ದು ಮತ್ತೆ ಅಂಥದೇ ಚಿತ್ರ. ಮುದುಕಿಯೊಬ್ಬಳು ಕತ್ತಲ ಬಾಗಿಲತ್ತ ನಡೆದು ಬರುವ ದೃಶ್ಯ. ಅತ್ತೆಯ ಹೆಸರಂತೂ ಪರದೆ ಮೇಲೆ ಬರದು, ಸದ್ದಾದರೂ ಇರಲಿ ಎಂದು ಅವರ ಚಪ್ಪಲಿ ಕೇಳಿ ತಂದು, ಅದನ್ನೇ ಮೆಟ್ಟಿ ಮೈಕಿನ ಮುಂದೆ ನಡೆದಳು. ನಿರ್ದೇಶಕ ತಲೆ ಕೆರೆದುಕೊಂಡ.

"ಭಯಾನೇ ಆಗ್ತಿಲ್ವಲ್ಲ ಅಕ್ಕ."

ಅವಳು ಬೇರೆ ಚಪ್ಪಲಿ ಮೆಟ್ಟಿ ಕೆಲಸ ಮುಗಿಸಿದಳು.

ಸಂಜೆ ಅತ್ತೆಯ ಚಪ್ಪಲಿಯನ್ನು ಒರೆಸಿ ಬಾಗಿಲ ಬಳಿ ಇಟ್ಟಳು.

"ನಿಮ್ಮ ಚಪ್ಪಲಿ ಸಿನಿಮಾಕ್ಕೆ ಆಗಲ್ವಂತೆ ಅತ್ತೆ."

"ಆಗದಿದ್ರೆ ಬಿಡು. ನನಗಾಗುತ್ತೆ."

ಅತ್ತೆ ಚಪ್ಪಲಿ ಮೆಟ್ಟಿ ಹಿತ್ತಲಿಗೆ ನಡೆದರು. ಸೊಸೆ ಎಡಗಿವಿಗೊಟ್ಟು ಕೇಳುತ್ತ ನಿಂತಳು.