ವೆಂಕಟೇಶಪ್ಪನ ಅಡ್ಡ ಸಾಲುಗಳು

ದಿನಪತ್ರಿಕೆಯನ್ನು ಹಿಂಬದಿಯಿಂದ ಬಿಡಿಸುವವರದೇ ಒಂದು ಪಂಗಡವಿದೆ. ನಾನು ಅದರ ಆಜೀವ ಸದಸ್ಯ. ಲೋಕದಲ್ಲಿ ಯಾರು ಗೆದ್ದರು, ಯಾರು ಬಿದ್ದರು ಎಂಬುದು ಮುಖಪುಟದಲ್ಲಿ ತಣ್ಣಗೆ ಕಾಯಬಲ್ಲದು, ಭಾನುವಾರದ ಗೂಢ ಪದಬಂಧ ಮಾತ್ರ ಕಾಯುವುದಿಲ್ಲ. ಬಂಗಾರಪೇಟೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಈ ವಿದ್ಯೆ ಕರತಲಾಮಲಕವಾಗಿರಬೇಕು ಎಂದು ನೀವು ಭಾವಿಸಿದರೆ ಆ ಗೌರವವನ್ನು ತಲೆಬಾಗಿ ಸ್ವೀಕರಿಸುತ್ತೇನೆ. ಸತ್ಯ ಬೇರೆಯೇ ಇದೆ. ಅದರಲ್ಲಿ ನನ್ನನ್ನು ಪ್ರತಿ ವಾರವೂ ಸೋಲಿಸುವವನು ಆಂಡರ್ಸನ್‌ಪೇಟೆಯ ಟೈಲರ್ ವೆಂಕಟೇಶಪ್ಪ. ಬೂದಿಕೋಟೆಯ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದವನು, ಎಂಟನೆಯ ತರಗತಿಗೇ ಓದು ಬಿಟ್ಟು ಹೊಲಿಗೆಗೆ ಹೋದವನು. ಗಿರಾಕಿಗಳೊಡನೆ ತಮಿಳು, ಹೆಂಡತಿಯೊಡನೆ ತೆಲುಗು, ನನ್ನೊಡನೆ ಕನ್ನಡ. ಅವನ ಬಾಯಿಗೆ ಬಿಡುವೆಂಬುದೇ ಇರಲಿಲ್ಲ.

ಹತ್ತು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಪತ್ರಿಕೆ ಹಿಡಿದು ಅವನಲ್ಲಿಗೆ ಹೋಗುತ್ತೇನೆ. ಮನೆಯ ಮುಂಗೋಣೆಯೇ ಅವನ ಅಂಗಡಿ. ನಮ್ಮಲ್ಲೊಂದು ಕಟ್ಟಳೆಯಿದೆ: ಪದಬಂಧದ ಅಡ್ಡ ಸಾಲುಗಳು ಅವನವು, ಉದ್ದ ಸಾಲುಗಳು ನನ್ನವು. ಒಬ್ಬರ ಸಾಲಿನಲ್ಲಿ ಇನ್ನೊಬ್ಬರು ಬರೆಯಕೂಡದು, ಕೇಳದೆ ಸುಳಿವನ್ನೂ ಕೊಡಕೂಡದು. ಪೆನ್ನು ನಿಷಿದ್ಧ. ಬಟ್ಟೆಗೆ ಮೊದಲು ಕಚ್ಚಾ ಹೊಲಿಗೆ ಹಾಕಿ ಮೈಮೇಲಿಟ್ಟು ನೋಡುವ ಹಾಗೆ, ಉತ್ತರವನ್ನೂ ಮೊದಲು ಪೆನ್ಸಿಲ್ಲಿನಲ್ಲಿ ತೆಳ್ಳಗೆ ಬರೆದು ನೋಡಬೇಕೆಂಬುದು ಅವನ ಶಾಸ್ತ್ರ. ಕನ್ನಡ ಎಂ.ಎ. ಆದ ನಾನು ಈ ಶಾಸ್ತ್ರಕ್ಕೆ ವಿಧೇಯ.

ಈ ಬೇಸಿಗೆಯಲ್ಲಿ ಅವನಿಗೆ ಸ್ಟ್ರೋಕ್ ಆಯಿತು. ಕೈಕಾಲು ಬಹುಪಾಲು ಉಳಿದವು, ಮಾತು ಕೆಟ್ಟಿತು. ಕತ್ತರಿ ಎನ್ನಲು ಹೋದರೆ ಹತ್ತಿರ ಎಂದು ಬರುತ್ತಿತ್ತು. ತಪ್ಪು ಬಂತೆಂದು ಅವನಿಗೇ ಗೊತ್ತಾಗುತ್ತಿತ್ತು, ಕಷ್ಟವಿದ್ದುದೇ ಅಲ್ಲಿ. ನಾಚಿಕೆಯಿಂದ ಮಾತನ್ನೇ ನಿಲ್ಲಿಸಿಬಿಟ್ಟ. ಆಡುತ್ತಿದ್ದರೆ ಮಾತು ಮರಳೀತು, ಬಾಯಿ ಮುಚ್ಚಿ ಕೂತರೆ ಹೇಳಲಾಗದು ಎಂದಿದ್ದರು ಡಾಕ್ಟರು. “ಎಲ್ಡು ವಾರ ಆಯ್ತಣ್ಣಾ, ಒಂದು ಮಾತಿಲ್ಲ. ನೀವು ಬಂದ್ರೆ ಆಡ್ತಾರೇನೋ” ಎಂದು ಅವನ ಹೆಂಡತಿ ರತ್ನಮ್ಮ ಫೋನಿನಲ್ಲಿ ಅತ್ತರು.

ಆ ಭಾನುವಾರದ ಪದಬಂಧ ನೋಡಿ ನನ್ನ ಜೀವ ಹಾರಿತು. ಕಿವಿಗೆ ಒಂದೇ ಥರ ಕೇಳಿಸುವ ಪದಗಳ ಜೋಡಿಗಳಿಂದಲೇ ಅದನ್ನು ಹೆಣೆದಿದ್ದರು. ಅಡ್ಡಕ್ಕೆ ಒಂದು, ಉದ್ದಕ್ಕೆ ಅದರ ಜೊತೆಗಾರ. ‘ಪೆಟ್ಟಿಗೆಯಲ್ಲಿದ್ದರೆ ಬೀಗ ಕೇಳುವುದು’ ಎಂದು ಅವನ ಸಾಲಿಗೆ, ‘ಕೊಟ್ಟಿಗೆಯಲ್ಲಿದ್ದರೆ ಮೇವು ಕೇಳುವುದು’ ಎಂದು ನನ್ನ ಸಾಲಿಗೆ: ಧನ ಸಿಕ್ಕಿದರೆ ದನ ತಾನಾಗಿ ಮನೆಗೆ ಬರುತ್ತದೆ. ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ. ಈಗ ಯಾವ ಅಡವಿಯಲ್ಲಿ ಅವನು ದಾರಿ ತಪ್ಪಿದ್ದನೋ ಅಲ್ಲಿಗೇ ಅವನನ್ನು ಅಟ್ಟಿದಂತಾಗುತ್ತಿತ್ತು. ಹಾಗಾಗಿ ಅವನೂರಿಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ಕೂತು, ಅವನ ಒಂಬತ್ತು ಅಡ್ಡ ಸಾಲುಗಳಲ್ಲಿ ಏಳನ್ನು ನಾನೇ ತುಂಬಿಬಿಟ್ಟೆ, ಅದೂ ಪೆನ್ನಿನಲ್ಲಿ. ತೀರ ಸುಲಭವಾದ ಎರಡನ್ನು ಅವನಿಗೆಂದು ಬಿಟ್ಟೆ. ಇಳಿಯುವಾಗ ನನ್ನ ಔದಾರ್ಯಕ್ಕೆ ನಾನೇ ಮರುಳಾಗಿದ್ದೆ, ನಾಚಿಕೆಗೇಡಿನ ಮಾತು ಇದು.

ಅವನು ಪತ್ರಿಕೆಯನ್ನು ಬಹಳ ಹೊತ್ತು ನೋಡಿದ. ಮುಖ ಕೆಂಪೇರಿತು. ಹಾಳೆಯನ್ನು ನನ್ನ ಎದೆಗೆ ತಳ್ಳಿ, ತುಟಿ ಅಲುಗಿಸಿ ಅಲುಗಿಸಿ, ಕೊನೆಗೆ ಅಂದ: “ಅಡ್ಡ... ಅಡ್ಡ ನಂದಲ್ವೇನ್ಲಾ?”

ಒಳಗೆ ಪಾತ್ರೆಯ ಸದ್ದು ನಿಂತಿತು. ರತ್ನಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು, ಗಂಡನ ಮುಖ ನೋಡಿದರು, ಆಮೇಲೆ ನೇರವಾಗಿ ಎದುರಿನ ಸಲೂನಿಗೆ ಹೋಗಿ ಅಲ್ಲಿದ್ದ ಅದೇ ಪತ್ರಿಕೆಯನ್ನು ಇಸಿದುಕೊಂಡು ಬಂದರು. ಬರೆಯದ, ಶುಭ್ರವಾದ ಪದಬಂಧ. ವೆಂಕಟೇಶಪ್ಪ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದ.

ಪ್ರತಿ ಉತ್ತರವನ್ನೂ ಬಾಯಲ್ಲಿ ಹೇಳಿ ನೋಡದೆ ಅವನು ಬರೆಯುತ್ತಿರಲಿಲ್ಲ. ಜನ ಎಂದ, ತಲೆಯಾಡಿಸಿದ. ದಿನ ಎಂದ, ಹಲ್ಲು ಕಚ್ಚಿದ. ನನ್ನ ಕಾಫಿಯ ಮೇಲೆ ಕೆನೆ ಕಟ್ಟಿದ ಮೇಲೆ ಧನ ಎಂದ. ಹೇಳಿಕೊಡಲು ನನ್ನ ನಾಲಿಗೆ ತುರಿಸುತ್ತಿತ್ತು, ಆದರೆ ಕಟ್ಟಳೆ ಮೀರಿದ ಕಳ್ಳ ನಾನು, ಕೈಕಟ್ಟಿ ಕೂತೆ. ಅವನಿಗೆ ಬೇಕಾಗಿದ್ದುದು ನನ್ನ ದಯೆಯಲ್ಲ, ತಪ್ಪು ಮಾಡಲು ಒಂದಿಷ್ಟು ಜಾಗ ಎಂದು ಅಷ್ಟು ಹೊತ್ತಿಗೆ ನನ್ನ ಮಂಡೆಗೆ ಹೊಳೆದಿತ್ತು. ಮಧ್ಯಾಹ್ನದ ಹೊತ್ತಿಗೆ ಒಂಬತ್ತೂ ಸಾಲು ತುಂಬಿದವು. ನಾನು ಪೆನ್ನಿನಲ್ಲಿ ಬರೆದಿದ್ದರಲ್ಲಿ ಒಂದು ತಪ್ಪೆಂದೂ ಗೊತ್ತಾಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಾನು ಗೋಡೆಗೆ ಒರಗಿದೆ.

ಅವನು ಹಾಳೆಯನ್ನು ತಿರುಗಿಸಿ ನನ್ನ ಉದ್ದ ಸಾಲುಗಳ ಮೇಲೆ ಬೆರಳಾಡಿಸಿದ. ಅವನ ಉತ್ತರಗಳಿಂದಲೇ ಅರ್ಧ ಪುಕ್ಕಟೆ ಸಿಕ್ಕಿದ್ದರೂ, ಅವನ ಬಾಯನ್ನೇ ನೋಡುತ್ತ ಕೂತಿದ್ದ ನಾನು ಒಂದನ್ನೂ ಬರೆದಿರಲಿಲ್ಲ.

“ನಿಂದು ಒಂದೂ ಆಗಿಲ್ವಲ್ಲಾ,” ಎಂದ ನಿಧಾನವಾಗಿ, ಪದ ಪದವನ್ನೂ ಅಳೆದು. “ಸ್ಟ್ರೋಕ್ ಒಡೆದಿದ್ದು ನಂಗೋ, ನಿಂಗೋ?”

ನಾನು ಪೆನ್ಸಿಲ್ಲಿಗೆ ಕೈ ಚಾಚಿದೆ. ಅವನು ಕೊಡಲಿಲ್ಲ.

“ಮೊದ್ಲು ಕಣ್ಣೊರುಸ್ಕೋ. ಪೇಪರ್ ನೆಂದೋಗ್ತದೆ.”