ಅವ್ವನ ಬದಲಿಗೆ ಒಂದು ಅಡಿಕೆ

ತೊಂಬತ್ತರ ದಶಕದ ಆ ದಿನಗಳಲ್ಲಿ ಪುಣೆಯ ಸದಾಶಿವ ಪೇಠೆಯ ನಮ್ಮ ಎರಡು ಕೋಣೆಯ ಮನೆಗೆ ಎರಡು ವಾಸನೆಗಳಿದ್ದವು: ಅಡುಗೆಮನೆಯಿಂದ ಒಗ್ಗರಣೆಯದು, ಅವ್ವನ ಕೈಯಿಂದ ಲವಂಗದೆಣ್ಣೆಯದು. ಅವ್ವ ಹಲ್ಲಿನ ಡಾಕ್ಟರು. ಓಣಿಯ ತುದಿಯಲ್ಲಿ ಅವಳದು ಒಂದೇ ಕುರ್ಚಿಯ ದವಾಖಾನೆ.

ಅಪ್ಪ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ನಾನು ಐದನೆಯ ಇಯತ್ತೆಯಲ್ಲಿದ್ದಾಗ, ಯುಗಾದಿಯ ಆಸುಪಾಸಿನಲ್ಲಿ, ಆ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಹವೆಗೂ ತಲೆಕೆಟ್ಟಿತ್ತು. ಮಧ್ಯಾಹ್ನ ಸುಡುಬಿಸಿಲು, ಸಂಜೆ ಆಲಿಕಲ್ಲು. ನಾವು ಹುಡುಗಿಯರು ಗಜ್ಜುಗದ ಆಟ ಬಿಟ್ಟು ಆಲಿಕಲ್ಲು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಅಪ್ಪ ಮನೆಯಲ್ಲೇ ಕೂತು ಕಂಡಕಂಡವರ ಮೇಲೆ ಹರಿಹಾಯುತ್ತಿದ್ದರು. ಆದರೂ ಪ್ರತಿ ಶನಿವಾರ ಇಸ್ತ್ರಿಯ ಅಂಗಿ ತೊಟ್ಟು ಎಂಜಿನಿಯರುಗಳ ಮಂಡಳಿಯ ಸಭೆಗೆ ಹೋಗುವುದು ಮಾತ್ರ ತಪ್ಪಲಿಲ್ಲ. "ನಾಕು ಮಂದಿ ಪರಿಚಯ ಇರಬೇಕು," ಎನ್ನುತ್ತಿದ್ದರು. ಅವರು ಬಂದಾಗ ರೊಟ್ಟಿ ಬಿಸಿಯಾಗಿರಬೇಕಿತ್ತು, ಇರುತ್ತಿತ್ತು.

ಅದೇ ಹೊತ್ತಿಗೆ ಹಲ್ಲಿನ ಡಾಕ್ಟರುಗಳ ವಾರ್ಷಿಕ ಸಮ್ಮೇಳನದಲ್ಲಿ ಮಾತಾಡಲು ಅವ್ವನಿಗೆ ಮೊದಲ ಸಲ ಕರೆ ಬಂತು. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಕೂಸುಗಳ ಹಲ್ಲು ಹೇಗೆ ಹುಳುಕಾಗುತ್ತವೆ ಎಂಬುದನ್ನು ಅವಳು ಮೂರು ವರ್ಷದಿಂದ ಫೋಟೋ ತೆಗೆದು, ಬರೆದು ಇಟ್ಟಿದ್ದಳು. ಹೂರಣ ತಿರುವುತ್ತಲೇ ಇಂಗ್ಲಿಷಿನಲ್ಲಿ ಭಾಷಣ ಒಪ್ಪಿಸುತ್ತಿದ್ದಳು. ನಾನು ಗಡಿಯಾರ ಹಿಡಿದು ಕೂರುತ್ತಿದ್ದೆ.

ಅಷ್ಟರಲ್ಲಿ ಸೋಮವಾರ ಗೇಟು ತೆರೆಯುತ್ತದೆಂಬ ಸುದ್ದಿ ಬಂತು. ಮಗ ಮತ್ತೆ ಕೆಲಸಕ್ಕೆ ಹೋಗುವ ಮುಂಚೆ ಗಂಡ ಹೆಂಡತಿ ಜೋಡಿಯಾಗಿ ಕೂತು ಪೂಜೆ ಮಾಡಿಸುತ್ತಾರೆಂದು ಅಜ್ಜಿ ಜೇಜುರಿಯ ಗುಡ್ಡದ ಮೇಲಿನ ಖಂಡೋಬಾ ದೇವರಿಗೆ ಹರಕೆ ಹೊತ್ತಿದ್ದಳು. ಹಾಗಾಗಿ ಭಾನುವಾರವೇ ಹೋಗಬೇಕು. ಅವ್ವನ ಸಮ್ಮೇಳನವೂ ಆ ಭಾನುವಾರವೇ.

"ನಿನ್ನ ಭಾಷಣ ಬರೂ ವರ್ಷ ಮಾಡಿದ್ರಾತು," ಎಂದರು ಅಪ್ಪ.

"ನಂದು ಹತ್ತಕ್ಕೇ ಅದರಿ. ಹನ್ನೆರಡಕ್ಕ ಮನ್ಯಾಗಿರ್ತೀನಿ. ಅಲ್ಲೀತನಾ ತಡೀರಿ, ಎರಡೂ ಆಗ್ತಾವ," ಎಂದಳು ಅವ್ವ.

ಅಪ್ಪ ಅಜ್ಜಿಯ ಮುಖ ನೋಡಿದರು. "ಆತು, ಹನ್ನೆರಡರ ತನಾ ತಡೀತೀವಿ." ಇದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಭಾನುವಾರ ಅವ್ವ ನಸುಕಿನಲ್ಲೇ ಎದ್ದು ನೈವೇದ್ಯದ ಹೋಳಿಗೆ ಮಾಡಿ ಡಬ್ಬಿ ಕಟ್ಟಿಟ್ಟಳು. ಎಂಟೂವರೆಗೆ ನನ್ನನ್ನು ಕರೆದುಕೊಂಡು ರಿಕ್ಷಾ ಹತ್ತಿದಳು. ಆ ಸಭಾಂಗಣದಲ್ಲಿ ಕೋಟು ತೊಟ್ಟ ಗಂಡಸರು ತಲೆ ಬಗ್ಗಿಸಿ ನಮ್ಮವ್ವ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಅವಳ ದನಿ ಒಂದು ಸಲವೂ ನಡುಗಲಿಲ್ಲ. ಮಾತು ಮುಗಿದ ಮೇಲೆ ಬಿಳಿಗೂದಲಿನ ಡಾಕ್ಟರೊಬ್ಬರು ಹತ್ತಿರ ಬಂದು, ನಮ್ಮ ಸಂಘದ ಸಮಿತಿಗೆ ನೀವು ಬೇಕು, ಊಟಕ್ಕೆ ಕೂತು ಮಾತಾಡೋಣ ಎಂದು ಮರಾಠಿಯಲ್ಲಿ ಹೇಳಿದರು. ಒಳಗಿನಿಂದ ಮಸಾಲೆಭಾತಿನ ಘಮ ಬರುತ್ತಿತ್ತು. ಅವ್ವ ಗಡಿಯಾರ ನೋಡಿ, ಇನ್ನೊಮ್ಮೆ ಬರುತ್ತೇನೆ ಎಂದು ನನ್ನ ಕೈ ಎಳೆದುಕೊಂಡು ಹೊರಟಳು.

ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಕಾಕೂ ಬಾಗಿಲಿಗೆ ಬಂದು, "ಅಗಂ, ತೇ ನವೂಲಾಚ್ ಗೇಲೇ," ಎಂದರು. ಒಂಬತ್ತಕ್ಕೇ ಹೋಗಿದ್ದರು. ನಾವು ಹೊರಟ ಅರ್ಧ ಗಂಟೆಗೇ ಬಾಡಿಗೆ ಜೀಪು ಹೊರಟಿತ್ತು. ಅವ್ವ ಕಟ್ಟಿದ ಹೋಳಿಗೆಯ ಡಬ್ಬಿ ಮಾತ್ರ ಮರೆಯದೆ ಒಯ್ದಿದ್ದರು.

ಹಸಿದ ಹೊಟ್ಟೆಯಲ್ಲೇ ನಾವು ಬಸ್ಸು ಹಿಡಿದೆವು. ಅವ್ವ ರೇಷ್ಮೆ ಸೀರೆಯಲ್ಲಿ ಜೇಜುರಿಯ ತನಕ ನಿಂತೇ ಬಂದಳು. ಕಾದ ಮೆಟ್ಟಿಲುಗಳನ್ನು ಓಡುತ್ತ ಹತ್ತಿದೆವು. ಮೇಲೆ ಹೋದರೆ ಪೂಜೆ ಮುಗಿದಿತ್ತು. ಅಪ್ಪ ಭಂಡಾರದ ಅರಿಸಿನದಲ್ಲಿ ಮಿಂದು ನಿಂತಿದ್ದರು. ಸೊಂಟದ ಧೋತರದಲ್ಲಿ ಒಂದು ಅಡಿಕೆ ಸಿಕ್ಕಿಸಿಕೊಂಡಿದ್ದರು. ಹೆಂಡತಿ ಪಕ್ಕದಲ್ಲಿ ಇಲ್ಲದವರು ಅವಳ ಬದಲಿಗೆ ಅಡಿಕೆ ಇಟ್ಟುಕೊಂಡು ಪೂಜೆಗೆ ಕೂರುವ ಪದ್ಧತಿ ನಮ್ಮಲ್ಲಿದೆ.

"ಬಿಸಿಲೇರ್ತದಂತ ಲಗೂನ ಬಂದ್ವಿ," ಎಂದಳು ಅಜ್ಜಿ. "ಚಿಂತಿ ಮಾಡಬ್ಯಾಡ. ಅಡಿಕಿ ಇಟ್ಟು ಮಾಡಿದ್ರೂ ನಡೀತದ."

"ಅಡಿಕಿ ನಡೀತದಂದ್ರ ನಾ ಯಾಕ ಓಡಿ ಬಂದೆ, ಅತ್ಯಾರ?"

"ಮಂದಿ ಮುಂದ ಬ್ಯಾಡ," ಎಂದರು ಅಪ್ಪ, ಅಷ್ಟೇ. ಅಜ್ಜಿ ಅವ್ವನ ಹಣೆಗೆ ಭಂಡಾರ ಬಳಿದಳು. ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡೆವು.

ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅಡಿಕೆಯ ಮಾತನ್ನು ಹಿಂದಿನ ವಾರವೇ ಹೇಳಬಹುದಿತ್ತಲ್ಲ. ಹೇಳಿದ್ದರೆ ಅವಳು ನಿಶ್ಚಿಂತೆಯಿಂದ ಊಟಕ್ಕೆ ಕೂರುತ್ತಿದ್ದಳು, ಸಮಿತಿಗೆ ಸೇರುತ್ತಿದ್ದಳು. ದೇವರಿಗೆ ಅವಳು ಬೇಕಾಗಿರಲಿಲ್ಲ. ಅವಳನ್ನು ಆ ಪಂಕ್ತಿಯಿಂದ ಎಬ್ಬಿಸಿ ತರುವುದು ಇವರಿಗೆ ಬೇಕಾಗಿತ್ತು. ಆಮೇಲಿನ ವರ್ಷಗಳಲ್ಲೂ ಆಮಂತ್ರಣಗಳು ಬಂದವು. "ಯಾರ್ ಹೋಗ್ತಾರ," ಎಂದು ಅವ್ವ ಬದಿಗಿಡುತ್ತಿದ್ದಳು. ಅಪ್ಪ ನಿವೃತ್ತರಾಗುವ ತನಕ ತಮ್ಮ ಮಂಡಳಿಯ ಒಂದು ಸಭೆಯನ್ನೂ ತಪ್ಪಿಸಲಿಲ್ಲ.

ಈಗ ಅವ್ವ ಇಲ್ಲ. ದವಾಖಾನೆಯ ಜಾಗದಲ್ಲಿ ಮೊಬೈಲಿನ ಅಂಗಡಿಯಿದೆ. ಅವಳು ವೇದಿಕೆಯ ಮೇಲೆ ಮಾತಾಡಿದ್ದನ್ನು ನಮ್ಮ ಮನೆಯವರಲ್ಲಿ ಕೇಳಿದವಳು ನಾನೊಬ್ಬಳೇ, ನನಗೂ ಅದರ ಒಂದು ವಾಕ್ಯವೂ ನೆನಪಿಲ್ಲ. ಕಳೆದ ವರ್ಷ ಅಪ್ಪನನ್ನು ಕೇಳಿಯೇಬಿಟ್ಟೆ, ಅವತ್ತು ಯಾಕೆ ಹನ್ನೆರಡರ ತನಕ ಕಾಯಲಿಲ್ಲ ಎಂದು. ಅಪ್ಪ ಕಪಾಟಿನಿಂದ ಆಲ್ಬಮ್ಮು ತಂದು ಆ ಫೋಟೋದ ಮೇಲೆ ಬೆರಳಿಟ್ಟರು.

"ಏನ್ ಹೇಳ್ತೀ? ಎಲ್ಲಾರೂ ಕೂಡೇ ಹೋಗಿದ್ವಲ್ಲ. ನೋಡಿಲ್ಲೆ, ನಿಮ್ಮವ್ವನೂ ಇದ್ದಾಳ."